ಮಾಮೂಲಿ ಥರ ಹಾಕಿ ಅಣ್ಣಾ

ಭಾನುವಾರದ ಮ್ಯಾಚ್‌ಗಳಿಗೆ ಅಂಪೈರ್ ಆಗಿ ನಿಲ್ಲುವ ಚಟ ನನಗೆ. ಕಾಸು ಸಿಗಲ್ಲ, ಬೈಗುಳಕ್ಕೆ ಬರವಿಲ್ಲ. ಕ್ರಿಕೆಟ್ ಅಂದರೆ ಜಂಟಲ್‌ಮನ್‌ಗಳ ಆಟ ಅಂತ ಯಾರಾದರೂ ಹೇಳಿದರೆ ನಗು ಬರುತ್ತದೆ. ಪಿಚ್ ಪಕ್ಕ ನಿಂತವನ ಕಿವಿಗೆ ಏನೇನು ಬೀಳುತ್ತದೆ ಅಂತ ಬೌಂಡರಿ ಆಚೆ ಕೂತವರಿಗೆ ಹೇಗೆ ಗೊತ್ತಾಗಬೇಕು?

ಆ ಹೆಸರಿನ ಹಳೇ ಕತೆಯೂ ಅಷ್ಟೇನೂ ಚೆಂದವಿಲ್ಲ. ಇಂಗ್ಲೆಂಡಿನಲ್ಲಿ 1806ರಲ್ಲಿ ‘ಜಂಟಲ್‌ಮೆನ್ ವಿರುದ್ಧ ಪ್ಲೇಯರ್ಸ್’ ಪಂದ್ಯ ಶುರುವಾಯಿತು. ನಿಂತಿದ್ದು 1962ರಲ್ಲಿ. ಸಂಬಳ ತಗೊಳ್ಳದೆ ಆಡುವ ಉಳ್ಳವರು ಜಂಟಲ್‌ಮೆನ್. ಹೊಟ್ಟೆಪಾಡಿಗೆ ಆಡುವವರು ಬರೀ ಪ್ಲೇಯರ್ಸ್. ಡ್ರೆಸ್ಸಿಂಗ್ ರೂಮು ಬೇರೆ, ಎಷ್ಟೋ ಕಡೆ ಮೈದಾನಕ್ಕೆ ಇಳಿಯುವ ಗೇಟೂ ಬೇರೆ. ತಮಾಷೆ ನೋಡಿ, ಇಂಗ್ಲೆಂಡಿನ ಹೆಸರಾಂತ ಆಟಗಾರ ಡಬ್ಲ್ಯು. ಜಿ. ಗ್ರೇಸ್ ಜಂಟಲ್‌ಮನ್ ಲೆಕ್ಕದಲ್ಲಿದ್ದರು, ಆದರೆ ಆಟದಿಂದ ದುಡಿದಿದ್ದು ಪ್ಲೇಯರ್‌ಗಳಿಗಿಂತ ಜಾಸ್ತಿ! ಒಟ್ಟಿನಲ್ಲಿ ಇನ್ನೊಬ್ಬನನ್ನು ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿದರೆ ಮಾತ್ರ ಸಿಗುತ್ತಿದ್ದ ಪಟ್ಟ ಅದು.

ನನಗೆ ಒಪ್ಪಿಗೆಯಾಗುವ ಜಂಟಲ್‌ಮನ್ ಅಂದರೆ ಜಿ. ಆರ್. ವಿಶ್ವನಾಥ್. 1980ರ ಬಾಂಬೆ ಟೆಸ್ಟ್, ಭಾರತಕ್ಕೆ ಅವರೇ ನಾಯಕ. ಇಂಗ್ಲೆಂಡಿನ 5 ವಿಕೆಟ್ 58 ರನ್‌ಗೆ ಬಿದ್ದ ಮೇಲೆ ಬಾಥಮ್ ಜೊತೆ ಬಾಬ್ ಟೇಲರ್ ಆಡುತ್ತಿದ್ದರು. ಕೀಪರ್ ಕ್ಯಾಚ್ ಅಂತ ಅಂಪೈರ್ ಟೇಲರ್‌ಗೆ ಔಟ್ ಕೊಟ್ಟರು. ಬಾಲು ಬ್ಯಾಟಿಗೆ ತಾಗಿಲ್ಲ ಅನ್ನಿಸಿ ವಿಶ್ವನಾಥ್ ವಾಪಸ್ ಕರೆದರು. (ಆ ಅಂಪೈರ್ ಜಾಗದಲ್ಲಿ ನಾನಿದ್ದಿದ್ದರೆ ಮುಖ ಎಲ್ಲಿಟ್ಟುಕೊಳ್ಳುತ್ತಿದ್ದೆನೋ.) ಆ ಜೋಡಿ 171 ರನ್ ಸೇರಿಸಿತು. ಭಾರತ 10 ವಿಕೆಟ್‌ಗಳಿಂದ ಸೋತಿತು. ಟೇಲರ್‌ಗೆ ಅವರೇನೂ ಉಪಕಾರ ಮಾಡಲಿಲ್ಲ. ನ್ಯಾಯವಾಗಿ ಅವನದ್ದಾಗಿದ್ದನ್ನು ಅವನಿಗೇ ಬಿಟ್ಟರು, ಅಷ್ಟೇ. ಅದಕ್ಕೆ ದಂಡ ತೆತ್ತಿದ್ದೂ ತಾವೇ.

ಉಪಕಾರ ಮಾಡುವವರನ್ನು ಕಂಡರೆ ನನಗೆ ಈಗೀಗ ಸ್ವಲ್ಪ ಅನುಮಾನ. ನಮ್ಮ ಮ್ಯಾಚ್‌ಗಳಲ್ಲಿ ಈಗ ಹುಡುಗಿಯರೂ ಆಡುತ್ತಾರೆ. ಒಬ್ಬ ಫಾಸ್ಟ್ ಬೌಲರ್ ಇದ್ದಾನೆ, ಬಹಳ ಮರ್ಯಾದಸ್ಥ. ಅಪೀಲ್ ಮಾಡುವಾಗಲೂ ‘ಸರ್’ ಸೇರಿಸುತ್ತಾನೆ. ಮೊನ್ನೆ ಒಬ್ಬಳು ಸ್ಟ್ರೈಕಿಗೆ ಬಂದಳು. ಇವನು ರನ್ ಅಪ್ ಅರ್ಧಕ್ಕೆ ಇಳಿಸಿದ. ನಿಧಾನಕ್ಕೆ, ಆಫ್ ಸ್ಟಂಪ್ ಆಚೆ, ಹೊಡಿ ಅನ್ನೋ ಥರ ಒಂದು ಬಾಲು ಹಾಕಿದ. ಅವಳು ಬ್ಯಾಟೇ ಎತ್ತಲಿಲ್ಲ. ಇನ್ನೊಂದು ಹಾಗೇ ಬಂತು. ಅದನ್ನೂ ಬಿಟ್ಟಳು. ಸ್ಲಿಪ್ಪಿನಲ್ಲಿ ಯಾರೋ ಕಿಸಕ್ಕಂದರು. ಅವಳು ಗ್ಲೌಸ್ ಸರಿಮಾಡಿಕೊಂಡು ನನ್ನ ಕಡೆ ಬಂದಳು. ಬಂದಿದ್ದು ನನ್ನ ಹತ್ತಿರ ಅಲ್ಲ, ಅವನ ಹತ್ತಿರ.

“ಅಣ್ಣಾ, ಮಾಮೂಲಿ ಥರ ಹಾಕಿ.”

“ಇಲ್ಲ ಸಿಸ್ಟರ್, ಏಟು ಬಿದ್ದೀತು ಅಂತ...”

“ಹೆಲ್ಮೆಟ್ ಇದೆ.”

ಅವನ ಕಿವಿ ಕೆಂಪಾಯ್ತು. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ನನಗೆ ಗೊತ್ತು. ಆದರೆ ಆ ಎರಡು ಬಾಲಿನಲ್ಲಿ ಅವಳಿಗೆ ಹಳೇ ಇಂಗ್ಲೆಂಡಿನ ಬೇರೆ ಗೇಟು ತೋರಿಸಿದ್ದ ಅಲ್ವಾ? ಪೂರ್ತಿ ರನ್ ಅಪ್ ಗುರುತಿನವರೆಗೆ ಹೋದ. ಓಡಿ ಬಂದ. ಮೊದಲನೇದು ಅವಳ ಪಕ್ಕೆಗೆ ತಾಗಿತು. ಉಜ್ಜಿಕೊಂಡು ಮತ್ತೆ ನಿಂತಳು. ಮುಂದಿನದನ್ನು ಮಿಡ್ ವಿಕೆಟ್ಟಿಗೆ ಎಳೆದು ನಾಲ್ಕು ತಗೊಂಡಳು. ಅದರ ಮುಂದಿನದಕ್ಕೆ ಮಿಡಲ್ ಸ್ಟಂಪ್ ಹಾರಿತು.

ಬೇಲ್ಸ್ ಹುಡುಕುತ್ತಾ ನಾನು ಬಗ್ಗಿದ್ದೆ. “ಇದು ಬಾಲ್ ಅಂದ್ರೆ” ಅಂತ ಅವನಿಗೆ ಹೇಳಿ, ಬ್ಯಾಟು ಕಂಕುಳಿಗೆ ಸಿಕ್ಕಿಸಿಕೊಂಡು ಹೋದಳು.