ಅಮ್ಮನ ಜೊತೆ ಕೋಬೆ, ಅಕಾಶಿ

ನವೆಂಬರ್ 20, 2024, ಬುಧವಾರ

ಇವತ್ತು ಬೆಳಿಗ್ಗೆನೇ ಜಪಾನಿನ ಒಸಾಕಾದಿಂದ ಹೊರಟು ಕೋಬೆಗೆ ಬಂದ್ವಿ, ನಾನು ಮತ್ತು ಅಮ್ಮ. ಜೆಆರ್‌ನ (ಜಪಾನ್ ರೈಲ್ವೆಯ) ಶಿನ್‌ಕೈಸೊಕು ಅನ್ನುವ ಫಾಸ್ಟ್ ರೈಲಲ್ಲಿ ಕೂತ್ರೆ ಸನ್ನೊಮಿಯಾ ಸ್ಟೇಷನ್‌ಗೆ ಅರ್ಧ ಗಂಟೆ ಕೂಡ ಬೇಡ, ಅಷ್ಟು ಫಾಸ್ಟ್ ಆದ್ರೂ ಮಾಮೂಲಿ ಟಿಕೆಟೇ ಸಾಕು. ಒಳ್ಳೆ ಚಳಿ, ಆದ್ರೆ ಬಿಸಿಲು ಇತ್ತು. ಈ ಊರಲ್ಲಿ ದಾರಿ ತಪ್ಪುವುದು ಕಷ್ಟ, ಒಂದು ಬದಿ ರೊಕ್ಕೊ ಬೆಟ್ಟ, ಇನ್ನೊಂದು ಬದಿ ಸಮುದ್ರ, ನಡುವೆ ಉದ್ದಕ್ಕೆ ಪಟ್ಟಿ ಹಾಗೆ ಊರು. ಜನ ದಾರಿ ಹೇಳುವಾಗಲೂ ಬೆಟ್ಟದ ಬದಿ, ಸಮುದ್ರದ ಬದಿ ಅಂತಲೇ ಹೇಳ್ತಾರೆ, ದೈಮಾರು ಅಂಗಡಿ ಒಳಗೆ ಬೋರ್ಡ್ ಕೂಡ ಹಾಗೇ ಹಾಕಿದ್ದಾರೆ. ಮಂಗಳೂರಲ್ಲಿ ಹುಟ್ಟಿ ಬೆಳೆದ ಅಮ್ಮನಿಗೆ ಇದು ಅರ್ಥ ಆಗ್ಲಿಕ್ಕೆ ಒಂದು ನಿಮಿಷವೂ ಬೇಕಾಗ್ಲಿಲ್ಲ, ಮಧ್ಯಾಹ್ನದ ಮೇಲೆ ನನಗೇ ದಾರಿ ಹೇಳ್ಲಿಕ್ಕೆ ಶುರು ಮಾಡಿದ್ರು.

ಮೊದ್ಲು ಬೆಟ್ಟದ ಬದಿ, ಕಿತಾನೊ. 1868ರಲ್ಲಿ ಇಲ್ಲಿನ ಬಂದರು ಹೊರದೇಶದವರಿಗೆ ತೆರೆದ ಮೇಲೆ ಬಂದ ವ್ಯಾಪಾರಿಗಳು ಕಟ್ಟಿಸಿಕೊಂಡ ಮನೆಗಳು ಈ ಏರಿನಲ್ಲಿ ಉಂಟು. ಕೆಂಪು ಇಟ್ಟಿಗೆಯ, ಮೇಲೆ ಗಾಳಿಯ ದಿಕ್ಕು ತೋರಿಸುವ ಕೋಳಿ ಇರುವ ಮನೆ 1909ರದ್ದು, ಒಬ್ಬ ಜರ್ಮನ್ ವ್ಯಾಪಾರಿಯದ್ದು, ಎಲ್ಲರೂ ಫೋಟೋ ತೆಗೆಯುವುದು ಅದರ ಎದುರೇ. ನಾವೂ ತೆಗೆದ್ವಿ. ಆದ್ರೆ ಅಮ್ಮನ ಮನಸ್ಸು ಇದ್ದದ್ದು ಅಲ್ಲೇ ಹತ್ತಿರದ ಜೈನ ದೇವಸ್ಥಾನದಲ್ಲಿ. ಸುತ್ತ ಜಪಾನಿ ಮನೆಗಳು, ಕರೆಂಟ್ ವಯರ್‌ಗಳು, ಅದರ ಮಧ್ಯೆ ಹಾಲುಬಿಳಿ ಅಮೃತಶಿಲೆಯ ಶಿಖರ. 1985ರಲ್ಲಿ ಕಟ್ಟಿದ್ದು, ಕಲ್ಲು ಇಂಡಿಯಾದಿಂದಲೇ ಬಂದದ್ದು, ಕಟ್ಟಿಸಿದ್ದು ಇಲ್ಲಿ ಮುತ್ತು ರತ್ನದ ವ್ಯಾಪಾರ ಮಾಡುವ ಗುಜರಾತಿ ಕುಟುಂಬಗಳು. ಅಮ್ಮ ಕಂಬದ ಕೆತ್ತನೆ ಮೇಲೆ ಕೈ ಆಡಿಸಿ, "ಮೂಡಬಿದ್ರೆ ಬಸದಿಗೆ ಬಂದ ಹಾಗೆ ಆಯ್ತು ಮಾರಾಯ್ತಿ" ಅಂತ ಹೇಳಿ ಸುಮಾರು ಹೊತ್ತು ಅಲ್ಲೇ ನಿಂತ್ರು.

ಇಂಡಿಯಾದವರು ಕೋಬೆಯಲ್ಲಿ ಇಷ್ಟು ಯಾಕೆ ಇದ್ದಾರೆ ಅಂತ ಅಮ್ಮ ಕೇಳಿದ್ರು, ಅದರ ಕಥೆ ದೊಡ್ಡದು. ಮೊದ್ಲು ನಮ್ಮ ವ್ಯಾಪಾರಿಗಳು, ಜಾಸ್ತಿ ಸಿಂಧಿಗಳು, ಯೊಕೊಹಾಮಾದಲ್ಲಿ ಬಟ್ಟೆ ರೇಷ್ಮೆ ವ್ಯಾಪಾರ ಮಾಡಿಕೊಂಡು ಇದ್ದವರು. 1923ರ ಸೆಪ್ಟೆಂಬರ್ 1ರಂದು ಆದ ಭೂಕಂಪದಲ್ಲಿ ಯೊಕೊಹಾಮಾ ನಾಶ ಆಯ್ತು, ಆಗ ಸುಮಾರು ಜನ ಈಚೆ ಬಂದ್ರು. ಮತ್ತೆ ಇಲ್ಲಿ ಮಸೀದಿ 1935ರಲ್ಲಿ ಆಯ್ತು, ಜಪಾನಿನ ಮೊದಲ ಮಸೀದಿ ಅದು, ಯುದ್ಧದ ಬಾಂಬಿಗೂ ಬೀಳ್ಲಿಲ್ಲ, 1995ರ ಭೂಕಂಪಕ್ಕೂ ಬೀಳ್ಲಿಲ್ಲ. ಗುರುದ್ವಾರವೂ ಉಂಟು. ಎಲ್ಲ ನಡೆದು ಹೋಗುವಷ್ಟು ಹತ್ತಿರ.

1923ರ ಯೊಕೊಹಾಮಾ ಭೂಕಂಪದಲ್ಲಿ ಅಂಗಡಿ ಕಳ್ಕೊಂಡು ಬಂದ ಇನ್ನೊಬ್ಬರು ಕಾರ್ಲ್ ಯೂಹೈಮ್, ಜರ್ಮನ್ ಬೇಕರಿಯವರು. ಮೊದಲ ಮಹಾಯುದ್ಧದಲ್ಲಿ ಕೈದಿ ಆಗಿ ಜಪಾನಿಗೆ ಬಂದು, 1919ರಲ್ಲಿ ಹಿರೋಷಿಮಾದ ಒಂದು ಎಕ್ಸಿಬಿಷನ್‌ನಲ್ಲಿ ಬೌಮ್‌ಕುಹೆನ್ ಕೇಕ್ ಮಾಡಿ ಮಾರಿದವರು, ಆಮೇಲೆ ಯೊಕೊಹಾಮಾ, ಅದೂ ಹೋದ ಮೇಲೆ ಕೋಬೆ. ಇವತ್ತು ಅವರ ಹೆಸರಿನ ಕೇಕ್ ಜಪಾನಿನ ಎಲ್ಲಾ ಕಡೆ ಸಿಗ್ತದೆ, ಆದ್ರೆ ನಾವು ಮೊತೊಮಾಚಿಯಲ್ಲೇ ಕೂತು ತಿಂದ್ವಿ. ಹಿಟ್ಟನ್ನು ತಿರುಗುವ ಕೋಲಿನ ಮೇಲೆ ಒಂದೊಂದೇ ಪದರ ಹಾಕಿ ಸುಡುವುದು, ಕತ್ತರಿಸಿದ್ರೆ ಮರದ ಬಳೆ ಬಳೆ ಕಾಣ್ತದೆ. ಬೆಣ್ಣೆಯ ಘಮ ಜೋರು, ಸಿಹಿ ಹದ. ನನಗೆ ಭಯಂಕರ ಇಷ್ಟ ಆಯ್ತು.

ಮೊತೊಮಾಚಿ ಅಂದ್ರೆ ಮೇಲೆ ಮಾಡು ಇರುವ ಉದ್ದದ ಶಾಪಿಂಗ್ ಬೀದಿ, ಒಂದು ಕಿಲೋಮೀಟರಿಗೂ ಜಾಸ್ತಿ. ಬಟ್ಟೆ, ಚಾ, ಚಾಕು, ಬ್ರೆಡ್ಡು, ಎಲ್ಲ ಉಂಟು. ಅಮ್ಮನಿಗೆ ಬೇಕಾದದ್ದು ಮುತ್ತು. ಜಪಾನಿನ ಸಾಕು ಮುತ್ತಿನ ವ್ಯಾಪಾರ ಕೋಬೆಯಲ್ಲೇ ಬೆಳೆದದ್ದು, ಮುತ್ತು ಬೆಳೆಯುವ ಕಡಲು ಹತ್ತಿರ, ಹಡಗು ಬಂದರೂ ಇಲ್ಲೇ, ಮತ್ತೆ ಬೆಟ್ಟದ ಬದಿಯಿಂದ ಬರುವ ಮೆತ್ತಗಿನ ಬೆಳಕಿನಲ್ಲಿ ಮುತ್ತಿನ ಬಣ್ಣ ವಿಂಗಡಿಸ್ಲಿಕ್ಕೆ ಚೆನ್ನಾಗಿ ಆಗ್ತದೆ ಅಂತ ಅಂಗಡಿಯವರು ಹೇಳ್ತಾರೆ. ಅಂಗಡಿಯ ಹೆಂಗಸು ಕರಿ ಬಟ್ಟೆ ಹಾಸಿ ಅಕೊಯಾ ಅನ್ನುವ ಜಾತಿಯ ಚಿಪ್ಪಿನ ಮುತ್ತನ್ನು ಒಂದೊಂದಾಗಿ ಉರುಳಿಸಿ ತೋರಿಸಿದ್ರು, ಬಿಳಿ ಅಂತ ನಾವು ಅಂದುಕೊಳ್ಳುವುದು ಪಕ್ಕಪಕ್ಕ ಇಟ್ರೆ ಒಂದು ತೆಳು ಗುಲಾಬಿ, ಒಂದು ಸ್ವಲ್ಪ ಹಸಿರು, ಒಂದು ಕೆನೆ ಬಣ್ಣ. ಅಮ್ಮ ಗುಲಾಬಿ ಛಾಯೆಯ ಸಣ್ಣ ಓಲೆ ತಗೊಂಡ್ರು. ಅಮ್ಮ ಟೂರಿಸ್ಟ್ ವೀಸಾದಲ್ಲಿ ಬಂದದ್ದು, 2024ರಲ್ಲಿ ಟ್ಯಾಕ್ಸ್ ಫ್ರೀ ಅಂಗಡಿಯಲ್ಲಿ 5,000 ಯೆನ್ ಮೇಲೆ ತಗೊಂಡ್ರೆ 10 ಪರ್ಸೆಂಟ್ ಟ್ಯಾಕ್ಸ್ ಬಿಡ್ತಾ ಇದ್ರು, ಪಾಸ್‌ಪೋರ್ಟ್ ಕೈಯಲ್ಲೇ ಇರ್ಬೇಕಿತ್ತು, ಝೆರಾಕ್ಸ್ ಆಗ್ತಾ ಇರ್ಲಿಲ್ಲ.

ಕೋಬೆ ಬೀಫ್ ಬೋರ್ಡ್ ಹೆಜ್ಜೆ ಹೆಜ್ಜೆಗೂ ಉಂಟು, ನಾವು ತಿನ್ನುದಿಲ್ಲ, ಮುಂದೆ ಹೋದ್ವಿ.

ಸಾಯಂಕಾಲ ಮೆರಿಕೆನ್ ಪಾರ್ಕ್. ನಡು ಸಣ್ಣ ಇರುವ ಕೆಂಪು ಪೋರ್ಟ್ ಟವರ್ 1963ರದ್ದು, 108 ಮೀಟರ್, ರಿಪೇರಿ ಮಾಡಿ ಇದೇ ಏಪ್ರಿಲ್‌ನಲ್ಲಿ ಪುನಃ ತೆರೆದಿದ್ದಾರೆ. ಆದ್ರೆ ನಾನು ಅಮ್ಮನನ್ನು ಕರ್ಕೊಂಡು ಹೋದದ್ದು ಅದರ ಪಕ್ಕದ ಒಂದು ಮೂಲೆಗೆ. 1995ರ ಜನವರಿ 17, ಬೆಳಿಗ್ಗೆ 5.46ಕ್ಕೆ ಆದ ಭೂಕಂಪದಲ್ಲಿ ಮುರಿದ ದಕ್ಕೆಯ ಸುಮಾರು 60 ಮೀಟರ್ ಜಾಗವನ್ನು ಹಾಗೇ ಬಿಟ್ಟಿದ್ದಾರೆ. ಕಾಂಕ್ರೀಟು ಬಿರಿದು ನೀರಿಗೆ ಜಾರಿದೆ, ದೀಪದ ಕಂಬಗಳು ವಾಲಿಕೊಂಡು ಹಾಗೇ ಉಂಟು, ಬಿರುಕಿನ ಒಳಗೆ ಸಮುದ್ರದ ನೀರು ಬಂದು ಹೋಗ್ತಾ ಇರ್ತದೆ. ಸತ್ತವರು 6,434 ಜನ. ಸುತ್ತ ಎಲ್ಲ ಹೊಸತು ಕಟ್ಟಿ ಇದೊಂದನ್ನು ಮುಟ್ಟದೆ ಇಟ್ಟದ್ದು ಬಹಳ ದೊಡ್ಡ ಕೆಲಸ ಅಂತ ನನಗೆ ಅನಿಸ್ತದೆ, ಮಕ್ಕಳು ಬಂದು ನೋಡಿ ಕೇಳ್ತಾರೆ, ಹೇಳ್ಲಿಕ್ಕೆ ದೊಡ್ಡವರು ಬೇಕಾಗ್ತದೆ.

ನವೆಂಬರ್ 21, ಗುರುವಾರ

ಇವತ್ತು ಅಕಾಶಿ! ಮೀನು ತಿನ್ನುವವರು ಕೋಬೆಗೆ ಬಂದು ಅಕಾಶಿಗೆ ಹೋಗದೆ ವಾಪಸ್ ಬರ್ಬಾರ್ದು ಅಂತ ನಾನು ಯಾವಾಗಲೂ ಹೇಳುವುದು. ಸನ್ನೊಮಿಯಾದಿಂದ ಕಾಲು ಗಂಟೆ, ಸುಮಾ ದಾಟಿದ ಮೇಲೆ ರೈಲು ಕಡಲಿನ ಬದಿಯಲ್ಲೇ ಹೋಗ್ತದೆ, ಎಡಗಡೆ ಕೂತ್ಕೊಳ್ಳಿ. ಮೈಕೊ ಸ್ಟೇಷನ್ ಬರುವಾಗ ತಲೆ ಮೇಲೇ ಅಕಾಶಿ ಸೇತುವೆ. 1998ರಲ್ಲಿ ತೆರೆದದ್ದು, ಒಟ್ಟು 3,911 ಮೀಟರ್, ಎರಡು ದೊಡ್ಡ ಕಂಬಗಳ ನಡುವೆಯೇ 1,991 ಮೀಟರ್. ಪ್ಲಾನ್ ಇದ್ದದ್ದು 1,990, ಕಟ್ಟುತ್ತಾ ಇರುವಾಗಲೇ ಭೂಕಂಪ ಆಗಿ ಕಂಬಗಳು ದೂರ ಸರಿದು ಸುಮಾರು ಒಂದು ಮೀಟರ್ ಜಾಸ್ತಿ ಆಯ್ತು, ಅದಕ್ಕೆ ಸರಿಯಾಗಿ ಉಳಿದದ್ದನ್ನು ಬದಲಾಯಿಸಿ ಮುಗಿಸಿದ್ರು. 2022ರಲ್ಲಿ ಟರ್ಕಿಯಲ್ಲಿ ಇನ್ನೊಂದು ಆಗುವ ತನಕ ಪ್ರಪಂಚದಲ್ಲಿ ಇದೇ ಅತಿ ಉದ್ದದ ತೂಗುಸೇತುವೆ ಆಗಿತ್ತು.

ಸ್ಟೇಷನ್‌ನಿಂದ ಎರಡು ಹೆಜ್ಜೆ, ಉಒನೊತಾನಾ ಮೀನು ಮಾರ್ಕೆಟ್. ಅಕಾಶಿ ಕೋಟೆ ಕಟ್ಟಿದ ಕಾಲದ್ದು, ಸುಮಾರು 400 ವರ್ಷದ ಹಳೆ ಬೀದಿ. ಇಲ್ಲಿ ಬೆಳಿಗ್ಗೆ ಬೇಗ ಹೋಗಿ ಪ್ರಯೋಜನ ಇಲ್ಲ. ದೋಣಿಗಳು ಬೆಳಿಗ್ಗೆ ಹಿಡಿದ ಮೀನು ಜೀವಂತ ಬರ್ತದೆ, ಏಲಂ ಆಗುವುದು ಹನ್ನೊಂದೂವರೆಗೆ, ಅಂಗಡಿಗೆ ಮುಟ್ಟುವಾಗ ಮಧ್ಯಾಹ್ನ. ನಾವು ಹೋದಾಗ ಕೆಂಪು ತಾಯ್ ಮೀನು ಟಬ್ಬಿನಲ್ಲಿ ಬಡ್ಕೊಳ್ತಾ ಇತ್ತು, ಆಕ್ಟೋಪಸ್ ಒಂದು ಬುಟ್ಟಿಯಿಂದ ಇಳಿದು ಒದ್ದೆ ನೆಲದಲ್ಲಿ ಹೊರಟೇ ಬಿಟ್ಟಿತು, ಅಂಗಡಿಯವರು ಮಾತಾಡ್ತಾ ಮಾತಾಡ್ತಾನೇ ಅದನ್ನು ಎತ್ತಿ ವಾಪಸ್ ಹಾಕಿದ್ರು. ಸೇತುವೆಯ ಕೆಳಗಿನ ಈ ಜಲಸಂಧಿಯಲ್ಲಿ ನೀರಿನ ಸೆಳೆತ ಬಹಳ ಜೋರು, ಅದರಲ್ಲಿ ಈಜಿ ಈಜಿ ಮೀನಿನ ಮಾಂಸ ಗಟ್ಟಿ ಆಗ್ತದೆ, ಆಕ್ಟೋಪಸ್‌ನ ಕಾಲು ಗಿಡ್ಡ ಮತ್ತು ದಪ್ಪ.

ಅಮ್ಮ ಮಂಗಳೂರು ದಕ್ಕೆಯಲ್ಲಿ ವರ್ಷಗಟ್ಟಲೆ ಬಂಗುಡೆ, ಅಂಜಲ್ ತಗೊಂಡವರು, ಕಿವಿರು ಎತ್ತಿ ನೋಡದೆ ಮೀನು ತಗೊಳ್ಳುವವರೇ ಅಲ್ಲ. ಇಲ್ಲಿ ಮುಟ್ಲಿಕ್ಕೆ ಇಲ್ಲ ಅಂತ ಹೇಳಿದೆ. ಅಷ್ಟರಲ್ಲಿ ಅಂಗಡಿಯವರೇ ಒಂದು ತಾಯ್ ಹಿಡಿದು ಕಣ್ಣಿನ ಮೇಲ್ಗಡೆ ಚೂಪು ಮೊಳೆ ಹಾಗಿನದ್ದು ಚುಚ್ಚಿದ್ರು, ಮೀನು ಒಂದು ಸಲ ನಡುಗಿ ನಿಂತಿತು, ಕೂಡ್ಲೇ ಕಿವಿರಿನ ಹತ್ತಿರ ಕೊಯ್ದು ರಕ್ತ ಇಳಿಸಿ, ತೆಳು ತಂತಿಯನ್ನು ಬೆನ್ನುಮೂಳೆ ಉದ್ದಕ್ಕೂ ಹಾಕಿ ಎಳೆದ್ರು. ಇದಕ್ಕೆ ಇಕೆಜಿಮೆ ಅಂತಾರೆ. ಒದ್ದಾಡಿ ಸತ್ತ ಮೀನಿನ ಮಾಂಸ ಬೇಗ ಸೆಟೆದು ಬೇಗ ಹಾಳಾಗ್ತದೆ, ಹೀಗೆ ಮಾಡಿದ್ರೆ ರುಚಿ ತುಂಬ ಹೊತ್ತು ನಿಲ್ತದೆ. ಅಮ್ಮ, "ಎಂಥ ಕೈ ಮಾರಾಯ್ತಿ ಅವರದ್ದು, ಮೀನಿಗೂ ಸಂಕಟ ಇಲ್ಲ" ಅಂದ್ರು. ಆ ಮೀನಿನ ಸಾಶಿಮಿ, ಅಂದ್ರೆ ಹಸಿ ಹೋಳು, ಅಮ್ಮ ತಿನ್ಲಿಕ್ಕಿಲ್ಲ ಅಂತ ನಾನು ಸುಟ್ಟದ್ದು ತಗೊಂಡೆ, ಬರೀ ಉಪ್ಪು, ಮಸಾಲೆ ಎಂಥದೂ ಇಲ್ಲ, ಶರತ್ಕಾಲದಲ್ಲಿ ಕೊಬ್ಬು ಏರಿದ ಮೀನು, ಮುಳ್ಳು ಬಿಟ್ಟು ಎಲ್ಲ ಖಾಲಿ.

ಆಮೇಲೆ ಅಕಾಶಿಯಾಕಿ. ತಾಮ್ರದ ಗುಳಿ ಗುಳಿ ಕಾವಲಿಯಲ್ಲಿ ಮೊಟ್ಟೆ, ಗೋಧಿಯ ಸ್ಟಾರ್ಚ್, ಒಳಗೆ ಒಂದು ತುಂಡು ಆಕ್ಟೋಪಸ್, ನೋಡ್ಲಿಕ್ಕೆ ನಮ್ಮ ಗುಳಿಯಪ್ಪವೇ, ಆದ್ರೆ ಎಷ್ಟು ಮೆತ್ತಗೆ ಅಂದ್ರೆ ಚಾಪ್‌ಸ್ಟಿಕ್‌ನಲ್ಲಿ ಎತ್ತುವಾಗ ಕುಸಿದು ಹೋಗ್ತದೆ. ಓರೆ ಇರುವ ಮರದ ಹಲಗೆಯಲ್ಲಿ ಸಾಲಾಗಿ ಬರ್ತದೆ, ಪಕ್ಕದಲ್ಲಿ ಬಿಸಿ ದಾಶಿ ಸಾರು, ಅದರಲ್ಲಿ ಮುಳುಗಿಸಿ ತಿನ್ನುವುದು. ಇದೇ ಹಾಗಿನ ಒಸಾಕಾದ ತಾಕೊಯಾಕಿಗೆ ಸಾಸ್ ಹಾಕಿ ಹಾಕಿ ಮುಚ್ಚಿಬಿಡ್ತಾರೆ, ನನ್ನ ಲೆಕ್ಕದಲ್ಲಿ ಇದೇ ಮೇಲು.

ಮನಸ್ಸಿಗೆ ಬೇಜಾರಾದ ಒಂದು ವಿಷಯವೂ ಬರೀತೇನೆ. ಇಲ್ಲಿ ವಸಂತದ ಹೊತ್ತಿಗೆ ಇಕಾನಾಗೊ ಅಂತ ಸಣ್ಣ ಮೀನು ಬರ್ತದೆ, ಸೋಯಾ ಸಾಸು, ಸಕ್ಕರೆ, ಶುಂಠಿ ಹಾಕಿ ಬತ್ತಿಸಿ ಮನೆಮನೆಯಲ್ಲಿ ಮಾಡಿ ನೆಂಟರಿಗೆಲ್ಲ ಕಳಿಸುವುದು ಪದ್ಧತಿ. ಈಗ ಮೀನೇ ಇಲ್ಲ. ಒಂದು ಕಾರಣ ಕೇಳಿದ್ರೆ ಆಶ್ಚರ್ಯ ಆಗ್ತದೆ, ಸಮುದ್ರ ಅತಿ ಶುದ್ಧ ಆದದ್ದು. 1973ರಲ್ಲಿ ಕಾನೂನು ತಂದು ಕೊಳಕು ನೀರು ಬಿಡುವುದನ್ನು ಬಿಗಿ ಮಾಡಿದ್ರು, ಅದು ಬೇಕಾದದ್ದೇ, ಕಡಲು ಕೆಂಪಾಗಿ ಮೀನು ಸಾಯ್ತಾ ಇತ್ತು. ಆದ್ರೆ ಸಾರಜನಕ ತುಂಬ ಕಡಿಮೆ ಆಗಿ ಮೀನಿನ ಆಹಾರವಾದ ಪ್ಲಾಂಕ್ಟನ್ ಕಡಿಮೆ ಆಯ್ತು, ತಿನ್ನುವ ನೊರಿ ಪಾಚಿಯ ಬಣ್ಣವೂ ಹೋಯ್ತು. 2021ರಲ್ಲಿ ಕಾನೂನು ತಿದ್ದಿ ಪೋಷಕಾಂಶ ಲೆಕ್ಕ ಹಾಕಿ ಬಿಡ್ಲಿಕ್ಕೆ ದಾರಿ ಮಾಡಿದ್ದಾರೆ. ಬೇಗ ಮೀನು ವಾಪಸ್ ಬರ್ಲಿ.

ಸಾಯಂಕಾಲ ಅಣ್ಣನಿಗೆ ಫೋನ್. ಜಪಾನಿನ ಗಡಿಯಾರದ ಸಮಯ ನಿಗದಿ ಮಾಡುವ 135 ಡಿಗ್ರಿ ರೇಖಾಂಶ ಈ ಅಕಾಶಿ ಊರಿನ ಮೇಲೆಯೇ ಹಾದು ಹೋಗುವುದು, ನಮ್ಮದು 82.5, ಅದಕ್ಕೇ ಮೂರೂವರೆ ಗಂಟೆ ವ್ಯತ್ಯಾಸ. ನಮಗೆ ಕತ್ತಲೆ, ಅಣ್ಣ ಇನ್ನೂ ಆಫೀಸಲ್ಲಿ, ಅಮ್ಮ ಅವನಿಗೆ ಆಕ್ಟೋಪಸ್ ನಡೆದು ಹೋದದ್ದನ್ನೇ ಎರಡು ಸಲ ಹೇಳಿದ್ರು.

ಹೋಗುವವರಿಗೆ: ಅಕಾಶಿಗೆ ಹನ್ನೆರಡರ ಮೇಲೆ ಹೋಗಿ, ಹೊಟ್ಟೆ ಖಾಲಿ ಇಟ್ಕೊಂಡು ಹೋಗಿ. ಸಸ್ಯಾಹಾರಿಗಳು ಗಮನಿಸಿ, ದಾಶಿಯಲ್ಲಿ ಮೀನು ಇರ್ತದೆ, ತರಕಾರಿ ಸಾರು ಅಂದ್ರೂ ಕೇಳಿಯೇ ತಗೊಳ್ಳಿ. ಕಿತಾನೊ ಹತ್ತಿರ ಇಂಡಿಯನ್ ಹೋಟೆಲುಗಳು ಉಂಟು. ಊರಿಗೆ ತಗೊಂಡು ಹೋಗ್ಲಿಕ್ಕೆ ನೊರಿ ಒಳ್ಳೇದು, ಭಾರ ಇಲ್ಲ, ಹಾಳಾಗುದಿಲ್ಲ, ಅಮ್ಮನ ಸೂಟ್‌ಕೇಸಿನ ಅರ್ಧ ಈಗ ಅದೇ.