ಎರಡು ಬೆರಳಷ್ಟು ಸೀಟು

ಸೈಕಲ್ ಸೀಟಿನ ಕಂಬಿಗೆ ಮಗಳ ನೇಲ್ ಪಾಲಿಶ್ ಹಚ್ಚಿದೆ ಇವತ್ತು, ಎತ್ತರದ ಗುರುತಿಗೆ. ಗುಲಾಬಿ, ಮಿಂಚು ಬೇರೆ.

ಮೂರು ವಾರದಿಂದ ದೇವಿಮನೆ ಘಟ್ಟ ಹತ್ತುವಾಗ ಮಂಡಿ ಮುಂದ್ಗಡೆ ಚಿಪ್ಪಿನ ಹತ್ರ ನೋವು, ವಯಸ್ಸಾಯ್ತು ಅಂತ ನಾನೇ ಡಿಸೈಡ್ ಮಾಡ್ಕೊಂಡು ಎಣ್ಣೆ ತಿಕ್ತಾ ಕೂತಿದ್ದೆ. ಬೆಂಗಳೂರಿನ ದೋಸ್ತಂದು ಒಂದೇ ರಾಗ, ಬೈಕ್ ಫಿಟ್ಟಿಂಗ್ ಮಾಡಿಸು ಮಾರಾಯ, ಅಂದ್ರೆ ಸೈಕಲ್ನ ನಿನ್ ಮೈಗೆ ಹೊಂದಿಸ್ಕೋ, ಮೈಗೆ ಸ್ಟಿಕರ್ ಅಂಟ್ಸಿ ಕ್ಯಾಮೆರಾ ಇಟ್ಟು ಮಂಡಿ ಎಷ್ಟು ಡಿಗ್ರಿ ಬಾಗುತ್ತೆ ಅಂತ ಅಳೀತಾರೆ ಅಂತ. ಅವ್ನು ಕೊಟ್ಟ ದುಡ್ಡು ಕೇಳಿ ಅಡಿಕೆ ಚೀಲವೇ ಕಣ್ಮುಂದೆ ಬಂತು.

ಇವತ್ತು ಶಿರಸಿಲಿ ಪಂಕ್ಚರ್ ಹಾಕಿಸ್ತಿದ್ದಾಗ ಅಂಗಡಿಯವ್ರು, ಗೋಡೆ ಹಿಡ್ಕೊಂಡು ಹತ್ತಿ ಕೂತ್ಕಳಿ, ಪೆಡಲ್ ಪೂರ್ತಿ ಕೆಳಗೆ ತಂದು ಹಿಮ್ಮಡಿ ಇಡಿ ಅಂದ್ರು. ಕಾಲು ನೆಟ್ಟಗಾಗ್ಬೇಕಂತೆ. ನಂದು ಬಾಗೇ ಇತ್ತು. ಸೀಟು ತಗ್ಗಿದ್ರೆ ಮಂಡಿ ಮುಂದೆ ನೋವು, ಜಾಸ್ತಿ ಎತ್ತರ ಆದ್ರೆ ಹಿಂದೆ, ಇಷ್ಟೇ ಸಾರ್ ಅಂತ ಎರಡು ಬೆರಳು ಏರಿಸಿದ್ರು. ತಗೊಂಡಿದ್ದು ಪಂಕ್ಚರ್ ದುಡ್ಡು ಮಾತ್ರ. ವಾಪಸ್ ಬರುವಾಗ ಮಂಡಿ ನೆನಪೇ ಆಗ್ಲಿಲ್ಲ.

ಹಂಗಂತ ದೋಸ್ತ ದಡ್ಡ ಅಲ್ಲ. ಶೂ ಪೆಡಲಿಗೆ ಸಿಗಿಸ್ಕೊಂಡು 13 ತಾಸು 30 ನಿಮಿಷದ ಒಳಗೆ 200 ಕಿ.ಮೀ. ಬ್ರೆವೆ (ಟೈಮ್ ಒಳಗೆ ಮುಗಿಸ್ಬೇಕಾದ ದೂರದ ಸೈಕಲ್ ಸವಾರಿ) ಮುಗಿಸೋನು ಅವ್ನು, ನಿಮಿಷಕ್ಕೆ 80 ಸುತ್ತು ಅಂದ್ರೂ ತಾಸಿಗೆ 4,800 ಸಲ ಮಂಡಿ ಅದೇ ಜಾಗಕ್ಕೆ ಬಂದು ಹೋಗ್ಬೇಕು, ಶೂ ತಳದಲ್ಲಿ ಪೆಡಲಿಗೆ ಸಿಗಿಸೋ ಕ್ಲೀಟ್ ಚೂರು ಓರೆ ಆದ್ರೂ ಸಂಜೆಗೆ ಗೊತ್ತಾಗುತ್ತೆ. ನಂಗೆ ಕುಮಟಾಕ್ಕೆ ಇಳಿದು ಬಂಗಡೆ ತಂದ್ರೆ ಆಯ್ತು.

ಮಗಳು ಬಾಟ್ಲಿ ಹುಡುಕ್ತಾ ಇದಾಳೆ. ನಾ ಸುಮ್ನಿದೀನಿ.