ಇಲ್ಲಮ್ಮ, ಮುಚ್ಚಬೇಕು

ತಮಿಳುನಾಡಿನ ಕಾವಲೂರು ಖಗೋಳ ವೀಕ್ಷಣಾಲಯದಿಂದ ಉಡುಪಿಗೆ ಬಂದಾಗಿಂದ ಅದೊಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಇಲ್ಲಮ್ಮ, ಮುಚ್ಚಬೇಕು."

ರಾತ್ರಿ ಎರಡು ದಾಟಿತ್ತು. ಜವಾದಿ ಬೆಟ್ಟದ ಮೇಲೆ ಒಂದು ತುಂಡು ಮೋಡವೂ ಇರಲಿಲ್ಲ. ನಾವು ನೋಡುತ್ತಿದ್ದ ನಕ್ಷತ್ರದ ಬೆಳಕು ಇನ್ನೂ ಸಾಕಷ್ಟು ಸಿಕ್ಕಿರಲಿಲ್ಲ. ಅಷ್ಟರಲ್ಲಿ ಗಾಳಿಯ ತೇವ ಮಿತಿ ದಾಟಿತು. ದೂರದರ್ಶಕ ನಡೆಸುವ ಸಹಾಯಕರು ಎದ್ದರು. "ಸಾರ್, ಇನ್ನು ಹತ್ತೇ ನಿಮಿಷ" ಅಂದೆ. ತಮಿಳು ಬೆರೆತ ಕನ್ನಡದಲ್ಲಿ ಅಷ್ಟೇ ಉತ್ತರ. ಗದರಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಗುಮ್ಮಟ ಮುಚ್ಚಿತು. ಜತೆಗಿದ್ದ ಹುಡುಗ ಗೊಣಗಿದ. ಅವನಿಗೆ ಯಾವಾಗಲೂ ತನ್ನ ಕೆಲಸವೇ ದೊಡ್ಡದು. ನನಗದು ಹಿಡಿಸುವುದಿಲ್ಲ.

ಅಲ್ಲಿನ ವೈನು ಬಪ್ಪು ದೂರದರ್ಶಕದ ಕನ್ನಡಿ 2.34 ಮೀಟರ್ ಅಗಲ. ಅದರ ಮೇಲಿರುವುದು ತೆಳ್ಳನೆಯ ಅಲ್ಯೂಮಿನಿಯಂ ಲೇಪ. ಇಬ್ಬನಿ ಕೂತು ಧೂಳು ಅಂಟಿದರೆ ಲೇಪವೇ ಹಾಳು. ಮಳೆಗಾಲದಲ್ಲಿ ಕಪಾಟಿನ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಮಲ್ಪೆಯಲ್ಲಿ ಬೆಳೆದವಳಿಗೆ ತೇವದ ಪಾಠ ಬೇಕಿಲ್ಲ. ಆದರೂ ಆ ಕ್ಷಣ ಹೊಟ್ಟೆ ಉರಿಯಿತು.

ಕಾರಣ ಇದೆ. 1977ರ ಮಾರ್ಚ್‌ನಲ್ಲಿ ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರ ಕೆಲವು ಸೆಕೆಂಡು ಮಂಕಾಯಿತು. ಯುರೇನಸ್‌ಗೆ ಉಂಗುರ ಇದೆ ಅಂತ ಗೊತ್ತಾದದ್ದು ಅಂಥ ಮಂಕಿನಿಂದಲೇ. ಅದನ್ನು ದಾಖಲಿಸಿದ ಕಡೆಗಳಲ್ಲಿ ಕಾವಲೂರೂ ಒಂದು. ಆ ರಾತ್ರಿ ತೇವ ಏರಿದ್ದರೆ? ಕೆಲವು ಬೆಳಕು ಮತ್ತೆ ಬರುವುದಿಲ್ಲ. ಅದು ಗೊತ್ತಿದ್ದೂ 'ಇಲ್ಲ' ಅನ್ನಬೇಕಾದವರು ಈ ಸಹಾಯಕರು. ನಮ್ಮಂಥವರು ಬರ್ತಾರೆ, ಹೋಗ್ತಾರೆ. ಮುಂದೆ ಬರುವವರಿಗೂ ಕನ್ನಡಿ ಉಳಿಸುವ ಹೊಣೆ ಅವರ ಮೇಲೆ. ಪ್ರಬಂಧಗಳಲ್ಲಿ ಇಂಥವರ ಹೆಸರು ಹೆಚ್ಚೆಂದರೆ ಕೊನೆಯ ಕೃತಜ್ಞತೆಯ ಸಾಲಿನಲ್ಲಿ ಇರುತ್ತದೆ. ಇದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ. ನೋಡಿದವರಷ್ಟೇ ಅಲ್ಲ, ನೋಡಲು ಉಳಿಸಿಕೊಟ್ಟವರೂ ವಿಜ್ಞಾನ ಮಾಡಿದವರೇ ಅಲ್ವಾ?

ಮಂಗಳೂರಿನ ಮಾವ ಫೋನಲ್ಲಿ ಕೇಳಿದರು: "ಪಿಲಿಕುಳದ ತಾರಾಲಯದಲ್ಲಿ ಕಾಣುವುದಕ್ಕಿಂತ ಜಾಸ್ತಿ ಎಂತ ಕಂಡಿತು ಮಾರಾಯ್ತಿ?" ಪರದೆ ಮೇಲೆ ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಒಂದು ಮಸುಕು ಪಟ್ಟಿ, ಅದರಲ್ಲಿ ಕಪ್ಪು ಗೆರೆಗಳು ಅಂದೆ. ಆ ಗೆರೆಗಳಲ್ಲೇ ನಕ್ಷತ್ರದಲ್ಲಿ ಏನೇನಿದೆ ಅಂತ ಗೊತ್ತಾಗುವುದು ಅಂತ ಬಿಡಿಸಿ ಹೇಳಿದೆ. ಮಾವ ಪೂರ್ತಿ ಕೇಳಿದರು.

ಬೇರೆ, ಹೆಚ್ಚು ಹೊಳೆಯುವ ನಕ್ಷತ್ರ ಆರಿಸಿಕೋ ಅಂತಾರೆ ನಮ್ಮ ಮೇಷ್ಟ್ರು. ನಾನು ಒಪ್ಪಿಲ್ಲ. ದೂರದರ್ಶಕದ ಸಮಯ ಕೇಳುವ ಮುಂದಿನ ಅರ್ಜಿಯೂ ಅದೇ ನಕ್ಷತ್ರಕ್ಕೆ.